ಮಂಡಿಯ ದೆಸೆಯಿಂದ ತಪ್ಪಿದ ಡಾನ್ಯೂಬ್

ಜೂನ್ ೧೪, ಶುಕ್ರವಾರ. ಪಾಸಾವ್.

ಮೂವತ್ತು ವರ್ಷಗಳಲ್ಲಿ ಮೊದಲ ಸಲ ನನ್ನ ಹೆಂಡತಿ ಹೆಡ್ವಿಗ್ ನನ್ನನ್ನು ಬಿಟ್ಟು ಡಾನ್ಯೂಬ್ ದಂಡೆಗುಂಟ ವಿಯೆನ್ನಾಕ್ಕೆ ಸೈಕಲ್ ತುಳಿಯುತ್ತಿದ್ದಾಳೆ. ನಾನು ಶಸ್ತ್ರಚಿಕಿತ್ಸೆಯಾದ ಮಂಡಿಯೆಂಬ ಮಹಾಸ್ವಾಮಿಗಳ ಸೇವೆಯಲ್ಲಿ ಸೋಫಾ ಹಿಡಿದಿದ್ದೇನೆ. ನಕ್ಷೆಯ ಮೇಲೆ ಬೆರಳಿನಿಂದ ನಾನೂ ಇವತ್ತು ಅರವತ್ತು ಕಿಲೋಮೀಟರ್ ಹೋದೆ. ಎದುರುಗಾಳಿ ಇರಲಿಲ್ಲ, ನದಿ ದಾಟುವ ದೋಣಿಗೆ ಕಾಯಲಿಲ್ಲ, ಸುಖವೂ ಇರಲಿಲ್ಲ.

ಸಂಜೆ ಫೋನ್ ಮಾಡಿದಳು.

"ನಿನ್ನ ಸಾಮಾನಿಲ್ದೆ ಎಡಗಡೆ ಚೀಲ ಹಗುರಾಗಿ ಸೈಕಲ್ ವಾಲ್ತಿತ್ತು ಮಾರಾಯ. ನಿನ್ನ ಮಳೆಕೋಟು ತುಂಬ್ಕೊಂಡು ಬಂದೆ."

"ಕಲ್ಲು ತುಂಬಬಹುದಿತ್ತಲ್ಲೇ?"

"ಕಲ್ಲಿಗೆ ನಿನ್ನ ಬೆವರಿನ ನಾತ ಎಲ್ಲಿರುತ್ತೆ?"

ಬರುವ ಬುಧವಾರ ನನ್ನ ಕೋಟು ವಿಯೆನ್ನಾ ಮುಟ್ಟುತ್ತದೆ. ಈ ವಯಸ್ಸಿನಲ್ಲಿ ಒಂದು ಕೋಟಿನ ಮೇಲೆ ಹೊಟ್ಟೆಕಿಚ್ಚು ಪಡುವುದು ನನ್ನ ಘನತೆಗೆ ತಕ್ಕದ್ದಲ್ಲ. ಆದರೂ ಈ ಹೊತ್ತಿನಲ್ಲಿ ಅದು ಅವಳ ಮಗ್ಗುಲಲ್ಲಿ...