ಗೋಮಿ ಅಂಚಿನ ಕೌದಿ

ಕೂಕಟ್‌ಪಲ್ಲಿ, ಹೈದರಾಬಾದ್
14 ನವೆಂಬರ್ 2008

ಪ್ರೀತಿಯ ಸುಮಂಗಲಾ,

ಪುಣೆಯ ಹೊಸ ಆಫೀಸು ಹೊಂದಿಕೊಂಡಿತೇ? ಇಮೇಲ್ ಬಿಟ್ಟು ಕಾಗದ ಯಾಕೆ ಬರೆದಳು ಎಂದು ನಗಬೇಡ. ಕಂಪ್ಯೂಟರಿನ ಮುಂದೆ ಕೂತರೆ ಈಚೆಗೆ ನನ್ನ ಬೆರಳು ಸುಳ್ಳನ್ನೇ ಬರೆಯುತ್ತದೆ.

ನಾವಿಬ್ಬರೂ ಬ್ಲಾಗ್ ಶುರುಮಾಡಿದ ದಿನಗಳು ನೆನಪಿವೆಯಲ್ಲ? ಭಾನುವಾರ ಬಾಲಾನಗರದ ಕೂಲಿಕಾರರ ಶೆಡ್ಡಿಗೆ ಹೋಗುತ್ತಿದ್ದೆವು. ಕಟ್ಟಡದ ಕೆಲಸಕ್ಕೆಂದು ಯಾದಗಿರಿಯಿಂದ ಬಂದ ಗಂಗಾಬಾಯಿ ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವುದನ್ನು ಫೋಟೋ ತೆಗೆಯುತ್ತಿದ್ದೆವು. ಯಾವ ತುಂಡು ಯಾರ ಸೀರೆಯದು, ಯಾರ ತೊಟ್ಟಿಲ ದಿನ ಉಟ್ಟದ್ದು, ಎಲ್ಲ ಕೇಳಿ ಬರೆಯುತ್ತಿದ್ದೆವು. ಹತ್ತು ಜನ ಓದಿದರೆ ನಮಗೆ ಹಬ್ಬ. ಮಾರುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ ನೀನು ಉರಿದುಬಿದ್ದಿದ್ದೆ.

ನೀನು ಹೋದಮೇಲೆ ಬ್ಲಾಗಿಗೆ ಜಾಹೀರಾತು ಬಂತು, ಅದರ ಹಿಂದೆಯೇ ಕೌದಿ ಮಾರಿಕೊಡುತ್ತೇವೆಂದು ಒಂದು ಅಂಗಡಿಯವರು ಬಂದರು. ಪ್ರತಿ ಕೌದಿಗೂ ಒಂದು ಕಥೆ ಬೇಕು ಎಂದರು. ಅಷ್ಟು ಕಥೆ ಎಲ್ಲಿಂದ ತರಲಿ? ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹುಸೇನಮ್ಮನಿಂದ ಸೀರೆ ಕೊಂಡು, ಅವಕ್ಕೆ ನಾನೇ ಅಜ್ಜಿಯರನ್ನು ಹುಟ್ಟಿಸಿದೆ, ನಾನೇ ಸಾಯಿಸಿದೆ. ಓದಿದವರು ಅತ್ತರು. ನನಗೆ ಅದು ಹಿಡಿಸಿತು ನೋಡು, ಅದನ್ನೂ ಮುಚ್ಚಿಡಲಾರೆ.

ಇನ್ನು ನಿನಗೆ ಹೇಳಬೇಕಾದದ್ದು. ನಿನ್ನವ್ವ ತೀರಿಕೊಂಡಾಗ ಗೋಮಿ ಅಂಚಿನ ಅವರ ಐದು ಇಳಕಲ್ ಸೀರೆ ನನ್ನ ಕೈಗಿಟ್ಟು ಕೌದಿ ಮಾಡಿಸಿಕೊಡು ಎಂದೆ. ಗಂಗಾಬಾಯಿ ಮನಸ್ಸಿಟ್ಟು ಹೊಲಿದಳು. ನಾನು ಆಸೆಗೆ ಬಿದ್ದು ಫೋಟೋ ಹಾಕಿದೆ. ಅಮೆರಿಕದ ಒಬ್ಬರು ಅದೇ ಬೇಕೆಂದು ಹಟ ಹಿಡಿದರು, ಕೊಡದಿದ್ದರೆ ಒಪ್ಪಂದ ಮುಗಿಯಿತು ಎಂದರು ಅಂಗಡಿಯವರು. ಕೊಟ್ಟುಬಿಟ್ಟೆ. ನಿನಗೆ ಕಳಿಸಿದ್ದು ಹುಸೇನಮ್ಮನ ಗಂಟಿನಲ್ಲಿ ಅದೇ ಬಣ್ಣ, ಅದೇ ಗೋಮಿ ಅಂಚು ಹುಡುಕಿ ಹೊಲಿಸಿದ ಕೌದಿ.

ಅದನ್ನು ಹೊಲಿಯುವಾಗ ಗಂಗಾಬಾಯಿ ಸೂಜಿ ನಿಲ್ಲಿಸಿ, “ಅಕ್ಕಾರ, ತಾಯಿದು ಅಂತ ಹೇಳಿ ಬ್ಯಾರೆಯವ್ರ ಸೀರಿ ಹೊಚ್ಚಬ್ಯಾಡ್ರಿ. ಉಟ್ಟಾಕಿ ಹುಡಿಕ್ಕೋತ ಬರ್ತಾಳ್ರಿ,” ಎಂದಳು. ನಾನು ನಕ್ಕೆ.

ನಿನ್ನ ಮೇಲ್ ಬಂದ ದಿನ ಆ ನಗು ಹೋಯಿತು. ಕೌದಿ ಹೊದ್ದಾಗಲೆಲ್ಲ ಕನಸಿನಲ್ಲಿ ಅವ್ವ ಬಂದು ಕಾಲ ಬಳಿ ಕೂರುತ್ತಾಳೆ, ಆದರೆ ನನ್ನ ಗುರುತು ಹಿಡಿಯುವುದಿಲ್ಲ ಎಂದು ಬರೆದಿದ್ದೀಯ. ಏನು ತಪ್ಪು ಮಾಡಿದೆನೋ ಎಂದು ಅತ್ತಿದ್ದೀಯ. ತಪ್ಪು ನಿನ್ನದಲ್ಲ, ಸುಮಾ. ಬರುತ್ತಿರುವವಳು ಯಾರ ತಾಯಿಯೋ ನನಗೆ ಗೊತ್ತಿಲ್ಲ. ಹುಸೇನಮ್ಮನನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ಯಾವುದೋ ಮನೆಯ ಬಾಗಿಲಲ್ಲಿ ಎರಡು ಡಬ್ಬಿ ಕೊಟ್ಟು ತಂದದ್ದಂತೆ.

ನಿನ್ನವ್ವನ ಕೌದಿ ವಾಪಸು ಕೊಡಿ ಎಂದು ಅಮೆರಿಕದವರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ನೀನು ಆ ಕೌದಿಯನ್ನು ಇನ್ನು ಹೊದೆಯಬೇಡ. ನನಗೂ ಭಯವಾಗುತ್ತಿದೆ. ಸೀರೆ ಗಂಟು ಇಟ್ಟ ಕೋಣೆಗೆ ಹಗಲಲ್ಲೂ ಒಬ್ಬಳೇ ಹೋಗಲಾರೆ. ನಾನು ಸಾಯಿಸಿದ ಅಜ್ಜಿಯರೆಲ್ಲ ಅಲ್ಲಿ ಕೂತಿದ್ದಾರೆ ಅನಿಸುತ್ತದೆ.

ನಿನ್ನ ಗೆಳತಿ ಎನ್ನಲು ನಾಚುವ,
ಶಿವಗಂಗಾ

ತಾ.ಕ.: ಬೇರೆ ಯಾರಾದರೂ ತೋರಿಸುವ ಮೊದಲು ಇದನ್ನೂ ನಾನೇ ಹೇಳುತ್ತೇನೆ. ನಿನ್ನ ಕನಸನ್ನು ಸೋಮವಾರ ಬ್ಲಾಗಿಗೆ ಹಾಕಿದೆ, ನಿನ್ನ ಹೆಸರು ತೆಗೆದು. ಈವರೆಗೆ ಯಾವುದನ್ನೂ ಅಷ್ಟು ಜನ ಓದಿರಲಿಲ್ಲ. ಅಂಥದೇ ಕೌದಿ ಬೇಕೆಂದು ಕೇಳುತ್ತಿದ್ದಾರೆ. ಅಳಿಸಬೇಕೆಂದು ದಿನವೂ ಕೂರುತ್ತೇನೆ. ಇನ್ನೂ ಅಳಿಸಿಲ್ಲ.