ಬೂದಿ ಸುರಿದ ಮಂಗಳವಾರ

ಸೋಮವಾರ, ೧೧ ಅಕ್ಟೋಬರ್ ೧೯೯೯

ಪ್ರೀತಿಯ ಮಾರುಹಾ ಅಕ್ಕ,

ನಾನೂ ಸೈದಾಳೂ ಬದುಕಿದ್ದೇವೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನೀನು ನಿಧಾನವಾಗಿ ಕೂತು ಓದು. ಕೀಟೊಗೆ ಬಂದ ವಾರ ನಾಲ್ಕು ಸಾಲು ಗೀಚಿ ಅಂಚೆಗೆ ಹಾಕಿದ್ದು ಬಿಟ್ಟರೆ ಮತ್ತೆ ನಿನಗೆ ಬರೆಯಲಿಲ್ಲ, ಬಯ್ಯಬೇಡ. ಎರಡು ಸಲ ಬರೆಯಲು ಕೂತಿದ್ದೆ. ಒಂದು ಸಲ ಮೆಟ್ಟಿಲ ಮೇಲೆ ಯಾರದೋ ಬೂಟಿನ ಸದ್ದು ಕೇಳಿಸಿತು, ಹಾಳೆಯನ್ನು ಹಾಸಿಗೆಯ ಅಡಿಗೆ ತುರುಕಿದೆ. ಆ ಬೂಟು ಪಕ್ಕದ ಕೋಣೆಯ ಉಣ್ಣೆ ವ್ಯಾಪಾರಿಯದು. ಅದು ಗೊತ್ತಾದ ಮೇಲೂ ಹಾಳೆಯನ್ನು ಹೊರಗೆ ತೆಗೆಯಲು ಆಗಲಿಲ್ಲ. ಇನ್ನೊಂದು ಸಲ ‘ಪ್ರೀತಿಯ ಅಕ್ಕ’ ಎಂದು ಬರೆದು ಅಲ್ಲೇ ನಿಂತೆ.

ನಿನ್ನ ಮಂಡಿನೋವು ಹೇಗಿದೆ? ಈ ಸಲದ ಕಾಫಿ ಒಣಗಿಸಿ ಆಯಿತೇ? ಸೈದಾ ದಿನಕ್ಕೊಮ್ಮೆ ನಿನ್ನ ಕೈಯ ಬಾಳೆಕಾಯಿ-ಮೊಟ್ಟೆ ಪಲ್ಯ ಕೇಳುತ್ತಾಳೆ. ಇಲ್ಲಿಯವರಿಗೆ ಅದನ್ನು ಮಾಡಲು ಬರುವುದಿಲ್ಲ, ಗಿಣ್ಣು ಕಡಿಮೆ ಹಾಕುತ್ತಾರೆ ಎಂದು ದೊಡ್ಡವಳ ಹಾಗೆ ದೂರು ಹೇಳುತ್ತಾಳೆ.

ನಾನು ನಿನಗೂ ಹೇಳದೆ ಊರು ಬಿಟ್ಟೆನಲ್ಲ, ಅದರ ಕಾರಣವನ್ನು ಆ ನಾಲ್ಕು ಸಾಲಿನಲ್ಲಿ ಬರೆದಿರಲಿಲ್ಲ. ಒಂಬತ್ತು ವರ್ಷದ ಸಂಸಾರದಲ್ಲಿ ವಿಲ್ಫ್ರಿದೊನ ಕೈಕೆಲಸ ನಿನ್ನ ಕಣ್ಣಿಗೆ ಬಿದ್ದದ್ದು ಒಮ್ಮೆ ಮಾತ್ರ, ನನ್ನ ಮಣಿಕಟ್ಟು ಮುರಿದಾಗ. ಉಳಿದದ್ದೆಲ್ಲ ಬಟ್ಟೆಯ ಒಳಗೇ ಇತ್ತು. ಅದನ್ನು ನಾನು ಸಹಿಸಿದ್ದೆ. ಆದರೆ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಸೈದಾಳ ಕೆಮ್ಮು ನಿಲ್ಲಲಿಲ್ಲ. ಅವನು ಚಮಚ ಕೆಳಗಿಟ್ಟು, ಸಿಟ್ಟೇ ಇಲ್ಲದವನ ಹಾಗೆ ಎದ್ದು ಬಂದು, ತನ್ನ ಮಗಳ ಮೂಗು ಬಾಯಿ ಎರಡನ್ನೂ ಅಂಗೈಯಿಂದ ಮುಚ್ಚಿ ಹಿಡಿದ. ಅವಳ ತುಟಿ ನೀಲಿಯಾಗುವವರೆಗೂ ಹಿಡಿದ. ಆಮೇಲೆ ಬಿಟ್ಟು, ‘ನೋಡು, ನಿಲ್ಲಿಸೋಕಾಗುತ್ತೆ’ ಎಂದು ಹೇಳಿ ಮತ್ತೆ ಊಟಕ್ಕೆ ಕೂತ. ಮರುದಿನ ಅವನು ಠಾಣೆಗೆ ಹೋದ ಕೂಡಲೇ ನಾನು ಬಸ್ಸು ಹತ್ತಿದೆ.

ಕೀಟೊದಲ್ಲಿ ನಾವು ಇಳಿದ ಲಾಡ್ಜು ಹಳೇ ಪೇಟೆಯ ಒಂದು ಇಳಿಜಾರು ಬೀದಿಯಲ್ಲಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹೆಂಗಸೊಬ್ಬಳು ಅಗ್ಗದ್ದು, ಹೆಂಗಸು ನಡೆಸುವುದು ಎಂದು ಹೇಳಿ ಕಳಿಸಿದ್ದಳು. ಹಲಗೆಯ ಗೋಡೆ, ನೆನೆದ ಕುರಿಯ ವಾಸನೆಯ ಕಂಬಳಿ, ಬೆಳಿಗ್ಗೆ ಎಂಟರ ನಂತರ ಬಿಸಿನೀರಿಲ್ಲ. ಬಾಗಿಲಿಗೆ ಒಳಗಿನಿಂದ ಇದ್ದದ್ದು ಬಗ್ಗಿಸಿದ ಒಂದು ಮೊಳೆ. ನಾನು ಮಂಚವನ್ನೇ ಎಳೆದು ಬಾಗಿಲಿಗೆ ಒತ್ತಿ ಇಡುತ್ತಿದ್ದೆ.

ನನಗೆ ಬಾಗಿಲಿಗಿಂತ ಹೆಚ್ಚು ಭಯವಿದ್ದದ್ದು ರಿಜಿಸ್ಟರಿನದು. ಲಾಡ್ಜುಗಳಲ್ಲಿ ಇಳಿದವರ ಹೆಸರಿನ ಪಟ್ಟಿ ವಾರಕ್ಕೊಮ್ಮೆ ಪೊಲೀಸರ ಕೈ ಸೇರುತ್ತದೆ ಎಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ನಮ್ಮೂರು ಸರೂಮಾದಲ್ಲಿ ಆ ಕೆಲಸ ವಿಲ್ಫ್ರಿದೊನದೇ ಆಗಿತ್ತಲ್ಲ. ಪಟ್ಟಿಯನ್ನು ಮನೆಗೆ ತಂದು, ಕಾಫಿ ಕುಡಿಯುತ್ತ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಿದ್ದ. ಹಾಗಾಗಿ ಮೊದಲ ದಿನ ಕೌಂಟರಿನ ಮುಂದೆ ನಿಂತಾಗ ನನ್ನ ಕಣ್ಣು ರಿಜಿಸ್ಟರಿನ ಮೇಲೇ ಇತ್ತು. ಲಾಡ್ಜಿನ ಒಡತಿ ಒರ್ತೆನ್ಸಿಯಾ ಅಮ್ಮನಿಗೆ ಅರವತ್ತು ದಾಟಿದೆ, ಮನೆಯೊಳಗೂ ಟೋಪಿ ತೆಗೆಯುವುದಿಲ್ಲ. ಅವರು ನನ್ನನ್ನು ನೋಡಿದರು, ನನ್ನ ಲಂಗ ಹಿಡಿದು ನಿಂತ ಸೈದಾಳನ್ನು ನೋಡಿದರು.

‘ನಿನ್ನ ಹೆಸರೇನು ಅಂತ ನಾನು ಕೇಳಲ್ಲ ಮಗಳೇ. ಏನು ಬರೀಲಿ ಅಂತ ಕೇಳ್ತೀನಿ’ ಎಂದರು.

ನನ್ನ ಉತ್ತರಕ್ಕೆ ಕಾಯದೆ ಅವರೇ ತಮ್ಮ ತೀರಿಹೋದ ತಂಗಿಯ ಹೆಸರು ಬರೆದುಕೊಂಡರು. ಆಮೇಲೆ ಅಡುಗೆಮನೆಯ ಕತ್ತರಿಯಿಂದ ಸೈದಾಳ ಜಡೆ ಕತ್ತರಿಸಿದರು. ಅಂದಿನಿಂದ ನಾನು ಅವರ ಜೊತೆ ಹೊದಿಕೆ ಮಡಚುವುದು, ಸೂಪಿಗೆ ಆಲೂಗಡ್ಡೆ ಹೆಚ್ಚುವುದು ಮಾಡಿಕೊಂಡಿದ್ದೆ. ಬ್ರೆಡ್ಡಿನ ಅಂಗಡಿ ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ.

ಲಾಡ್ಜಿನಲ್ಲಿ ಇನ್ನೊಬ್ಬರಿದ್ದರು, ರಿಯೊಬಾಂಬಾದ ನಿವೃತ್ತ ಭೂಗೋಳದ ಮೇಷ್ಟ್ರು, ಆರ್ಕಿಮೆದೆಸ್ ಎಂದು ಹೆಸರು. ಪಿಂಚಣಿಯ ಕಾಗದಕ್ಕೆಂದು ಬಂದು ಕಚೇರಿಯ ಸಾಲಿನಲ್ಲಿ ನಿಂತೂ ನಿಂತೂ ಎರಡು ತಿಂಗಳಾಗಿತ್ತಂತೆ. ನಮಗೆ ಕೊಟ್ಟಿದ್ದದ್ದು ಮೂರನೇ ಮಹಡಿಯ ಹನ್ನೊಂದನೇ ಕೋಣೆ. ಅದರ ಕಿಟಕಿಯ ಗಾಜು ಒಡೆದು ಸೈದಾಳ ಕೆಮ್ಮು ಹೆಚ್ಚಿದಾಗ, ಅಡುಗೆಮನೆಗೆ ಅಂಟಿಕೊಂಡ ಬೆಚ್ಚಗಿನ ತಮ್ಮ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು ಅವರು ಹನ್ನೊಂದಕ್ಕೆ ಹೋದರು. ಚಳಿ ಎಂದರೆ ತಮಗೆ ಇಷ್ಟ ಎಂದು ಸುಳ್ಳು ಹೇಳಿದರು. ಇದು ಮೂರನೇ ತಾರೀಖಿನ ಭಾನುವಾರದ ಮಾತು.

ಮಂಗಳವಾರ ಪಿಚಿಂಚಾ ಬೆಟ್ಟ ಬೂದಿ ಉಗುಳಿತು. ನೀವು ಟೀವಿಯಲ್ಲಿ ನೋಡಿರುತ್ತೀರಿ. ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗಿತ್ತು ಅಕ್ಕ, ಸದ್ದಿಲ್ಲದೆ ಸುರಿಯುತ್ತಿತ್ತು. ಶಾಲೆಗಳನ್ನು ಮುಚ್ಚಿದರು, ಕಾರುಗಳು ಹಗಲಲ್ಲೇ ದೀಪ ಹಾಕಿಕೊಂಡು ತೆವಳುತ್ತಿದ್ದವು. ಜನ ಮುಖಕ್ಕೆ ಮಾಸ್ಕು, ಮಾಸ್ಕು ಸಿಗದವರು ಒದ್ದೆ ಬಟ್ಟೆ ಕಟ್ಟಿಕೊಂಡು ಓಡುತ್ತಿದ್ದರು. ಎಲ್ಲರೂ ಜ್ವಾಲಾಮುಖಿಗೆ ಹೆದರಿದ್ದ ಆ ದಿನ ನನಗೆ ಮಾತ್ರ, ಕೆಟ್ಟದ್ದಾದರೂ ಸರಿ ಹೇಳುತ್ತೇನೆ, ಜೀವ ಹಗುರಾಗಿತ್ತು. ಮುಖ ಮುಚ್ಚಿಕೊಂಡವಳು ನಾನೊಬ್ಬಳೇ ಅಲ್ಲವಲ್ಲ ಅನ್ನಿಸಿತು. ಒರ್ತೆನ್ಸಿಯಾ ಅಮ್ಮನ ಮಳೆಕೋಟು ಹಾಕಿಕೊಂಡು, ಸೈದಾಳಿಗೂ ಕಣ್ಣೊಂದು ಬಿಟ್ಟು ಎಲ್ಲ ಸುತ್ತಿ, ಬ್ರೆಡ್ಡು ತರಲು ಹೊರಟೆ. ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ಅವಳು ಒಪ್ಪುತ್ತಿರಲಿಲ್ಲ.

ತಿರುಗಿ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಅವನನ್ನು ಕಂಡೆ. ಲಾಡ್ಜಿನ ಬಾಗಿಲಿನಿಂದ ಹೊರಗೆ ಬರುತ್ತಿದ್ದ. ಮಫ್ತಿಯಲ್ಲಿದ್ದ, ಮಾಸ್ಕು ಇರಲಿಲ್ಲ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದ. ಅವನ ಭುಜ ನನಗೆ ಗೊತ್ತು, ಮೈಲಿ ದೂರದಿಂದಲೂ ಗೊತ್ತು. ತಿರುಗಿ ಓಡಿದರೆ ನೋಡುತ್ತಾನೆ, ನಿಂತರೂ ನೋಡುತ್ತಾನೆ. ಕಾಲು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಬ್ರೆಡ್ಡಿನ ಚೀಲ ನನ್ನ ಕೈಯಲ್ಲಿ ಪುಡಿಯಾಗುತ್ತಿದ್ದುದು ಆಮೇಲೆ ತಿಳಿಯಿತು. ಸೈದಾ ಅವನನ್ನು ನೋಡಿದಳೆಂದು ಅವಳ ಬೆರಳುಗಳಿಂದಲೇ ಗೊತ್ತಾಯಿತು. ಅಪ್ಪಾ ಎಂದು ಕೂಗಿಬಿಟ್ಟರೆ ಎಂದು ನನಗೆ ಭಯ. ಅವಳು ಕೂಗಲಿಲ್ಲ. ಬಟ್ಟೆಯೊಳಗಿನಿಂದ ನನಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ ಹೇಳಿದಳು:

‘ಅಮ್ಮ, ನಾನು ಕೆಮ್ಮಲ್ಲ.’

ಆರು ವರ್ಷದ ಮಗು ಅಕ್ಕ. ಗಾಳಿಯಲ್ಲಿ ಬೂದಿ ತುಂಬಿತ್ತು, ಅವಳ ಎದೆ ಒಳಗೇ ಕುಕ್ಕುತ್ತಿದ್ದದ್ದು ನನ್ನ ತೊಡೆಗೆ ತಾಗುತ್ತಿತ್ತು, ಅವಳು ಮುಖವನ್ನು ನನ್ನ ಕೋಟಿನಲ್ಲಿ ಹುದುಗಿಸಿ ತಡೆದುಕೊಂಡಳು.

ಅವನು ಒಂದು ಮೊಳ ದೂರದಲ್ಲಿ ನಿಂತ. ಬೂದಿಗೆ ಕಣ್ಣು ಅರ್ಧ ಮುಚ್ಚಿಕೊಂಡಿದ್ದ. ಸೈದಾಳ ತಲೆಯ ಬಟ್ಟೆ ಸರಿದು ಕತ್ತರಿಸಿದ ಕೂದಲು ಕಾಣುತ್ತಿತ್ತು. ಅವನು ಬಗ್ಗಿದ.

‘ತಲೆ ಮುಚ್ಚಿ ಅಮ್ಮ, ಬೂದಿ ಮಗೂಗೆ ಒಳ್ಳೇದಲ್ಲ. ಪಾಪ, ಎಷ್ಟು ಹೆದರಿಕೊಂಡಿದ್ದಾನೆ ನೋಡಿ’ ಎಂದ.

ಗಂಡುಮಗು ಎಂದುಕೊಂಡಿದ್ದ. ತನ್ನ ಕೈಯಿಂದಲೇ ಬಟ್ಟೆಯನ್ನು ಮೃದುವಾಗಿ ಎಳೆದು ಮುಚ್ಚಿದ. ನಾನು ತಲೆಯಾಡಿಸಿದೆ. ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಇಳಿಜಾರಿನಲ್ಲಿ ಕೆಳಗೆ ಹೋದ. ಅಕ್ಕ, ಅವನ ದನಿಯಲ್ಲಿ ನಿಜವಾಗಿಯೂ ಕರುಣೆ ಇತ್ತು. ಊರಿನಲ್ಲಿ ಯಾರೂ ನನ್ನ ಮಾತು ಏಕೆ ನಂಬುವುದಿಲ್ಲ ಎಂದು ನನಗೆ ಅವತ್ತು ಅರ್ಥವಾಯಿತು. ಅವರೆಲ್ಲರಿಗೆ ಗೊತ್ತಿರುವ ವಿಲ್ಫ್ರಿದೊ ಈ ಕರುಣೆಯವನೇ, ಅದು ನಟನೆಯಲ್ಲ. ನಮಗೂ ಅವನು ಸಿಗಬೇಕಿದ್ದರೆ ನಾವು ಅವನಿಗೆ ಅಪರಿಚಿತರಾಗಬೇಕಿತ್ತು.

ಒಳಗೆ ನಡೆದದ್ದನ್ನು ಒರ್ತೆನ್ಸಿಯಾ ಅಮ್ಮ ಆಮೇಲೆ ಹೇಳಿದರು. ಅವನು ಗುರುತಿನ ಚೀಟಿ ತೋರಿಸಿ ಹನ್ನೊಂದನೇ ಕೋಣೆ ಎಲ್ಲಿ ಎಂದು ಕೇಳಿದನಂತೆ. ನನ್ನ ಹೆಸರು ಹೇಳಿ ಇದ್ದಾಳೆಯೇ ಎಂದು ಕೇಳಿದ್ದಲ್ಲ, ನೇರ ಹನ್ನೊಂದು ಎಂದೇ ಕೇಳಿದ. ಇವರು ತಡೆಯುವ ಮೊದಲೇ ಮೇಲೆ ಹೋಗಿ ಬಾಗಿಲು ಒದ್ದ. ಒಳಗೆ ಮೇಷ್ಟ್ರು ಪ್ಯಾಂಟು ಮೊಣಕಾಲವರೆಗೆ ಮಡಚಿ ಬೇಸಿನ್ನಿನ ಬಿಸಿನೀರಿನಲ್ಲಿ ಪಾದ ಅದ್ದಿಕೊಂಡು ಕೂತಿದ್ದರಂತೆ. ಎದ್ದೇಳದೆ, ‘ಬಾಗಿಲು ತಟ್ಟೋದನ್ನ ನಿಂಗೆ ಯಾವ ಶಾಲೇಲೂ ಕಲಿಸ್ಲಿಲ್ವೇನಪ್ಪಾ’ ಎಂದು ಕೇಳಿದರಂತೆ. ಇದನ್ನು ಹೇಳುವಾಗ ಒರ್ತೆನ್ಸಿಯಾ ಅಮ್ಮ ನಕ್ಕರು. ನಾನೂ ನಕ್ಕೆ, ನಗುನಗುತ್ತಲೇ ಹೋಗಿ ವಾಂತಿ ಮಾಡಿಕೊಂಡೆ.

ಅವನು ಊರಿಗೆ ಹೋಗಲಿಲ್ಲ. ಬುಧವಾರ ಬೆಳಿಗ್ಗೆಯಿಂದ ಎದುರಿನ ಊಟದಂಗಡಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತ. ನಮ್ಮ ಕೋಣೆಯ ಗವಾಕ್ಷಿಯಿಂದ ಮೇಜಿನ ಕೆಳಗಿದ್ದ ಅವನ ಬೂಟು ಕಾಣುತ್ತಿತ್ತು. ನಾನು ನಾಲ್ಕು ದಿನ ಆ ಬೂಟು ನೋಡಿಕೊಂಡು ಬದುಕಿದೆ. ಅವು ಕದಲಿದರೆ ಮಂಚವನ್ನು ಬಾಗಿಲಿಗೆ ಒತ್ತುತ್ತಿದ್ದೆ, ಕಾಣದೆ ಹೋದರೆ ಸೈದಾಳನ್ನೂ ಎತ್ತಿಕೊಂಡು ಅದರ ಮೇಲೇ ಕೂರುತ್ತಿದ್ದೆ. ಸೈದಾಳ ಕೆಮ್ಮು ಹೊರಗೆ ಕೇಳಬಾರದೆಂದು ಒರ್ತೆನ್ಸಿಯಾ ಅಮ್ಮ ಅಡುಗೆಮನೆಯ ರೇಡಿಯೊವನ್ನು ದಿನವಿಡೀ ಜೋರಾಗಿ ಹಾಕಿಡುತ್ತಿದ್ದರು. ಪೊಲೀಸರಿಗೆ ಹೇಳು ಎಂದು ಯಾರೂ ಹೇಳಲಿಲ್ಲ, ಅವನೇ ಪೊಲೀಸು.

ಶನಿವಾರ ನಗರಸಭೆಯವರು ಧ್ವನಿವರ್ಧಕದಲ್ಲಿ ಕೂಗಿಕೊಂಡು ಹೋದರು, ಪ್ರತಿ ಮನೆಯವರೂ ತಮ್ಮ ಮುಂದಿನ ಬೂದಿಯನ್ನು ಗುಡಿಸಿ ಚೀಲಕ್ಕೆ ತುಂಬಬೇಕು ಎಂದು. ಒರ್ತೆನ್ಸಿಯಾ ಅಮ್ಮ ನನ್ನ ಕಡೆ ನೋಡಿದರು, ಇಬ್ಬರಿಗೂ ಒಂದೇ ಯೋಚನೆ ಬಂತು. ಲಾಡ್ಜಿನಲ್ಲಿದ್ದ ಎಂಟು ಜನರೂ ಮುಖ ಕಟ್ಟಿಕೊಂಡು ಪೊರಕೆ ಹಿಡಿದು ಒಟ್ಟಿಗೆ ಹೊರಗೆ ಬಂದೆವು. ಮೊದಲು ಸೈದಾ ಮೇಷ್ಟ್ರ ಕೈ ಹಿಡಿದು ನಡೆದಳು. ಅವರು ತಾತನ ಗತ್ತಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ, ನದಿಗಳ ಹೆಸರು ಕೇಳುತ್ತ ಹೋದರು. ನಾನು ಹಿಂದೆ ಗುಡಿಸುತ್ತ ಹೊರಟೆ.

ಓಡಬೇಡ, ಗುಡಿಸು ಎಂದಿದ್ದರು ಒರ್ತೆನ್ಸಿಯಾ ಅಮ್ಮ. ಒಂದು ಹೆಜ್ಜೆ, ನಾಲ್ಕು ಸಲ ಪೊರಕೆ. ಮತ್ತೆ ಒಂದು ಹೆಜ್ಜೆ. ಊಟದಂಗಡಿಯ ಮುಂದೆ ಬಂದಾಗ ಅವನ ಬೂಟಿನ ಬಳಿಯ ಬೂದಿಯನ್ನೂ ಗುಡಿಸಬೇಕಾಯಿತು, ಬಿಟ್ಟು ಹೋದರೆ ಅನುಮಾನ. ಅವನು ಸೂಪು ಕುಡಿಯುತ್ತಲೇ ಪಾದ ಎತ್ತಿದ, ಮನೆಯಲ್ಲಿ ನಾನು ಕಸ ಗುಡಿಸುವಾಗ ಎತ್ತುತ್ತಿದ್ದ ಹಾಗೆಯೇ. ನನ್ನ ಕಡೆ ನೋಡಲಿಲ್ಲ. ಮನೆಯಲ್ಲೂ ನೋಡುತ್ತಿರಲಿಲ್ಲ. ಬೀದಿಯ ಕೊನೆಯವರೆಗೆ ಗುಡಿಸಿ, ಪೊರಕೆಯನ್ನು ಒಂದು ಗೋಡೆಗೆ ಒರಗಿಸಿ, ತಿರುವು ದಾಟಿದೆ. ಅಲ್ಲಿ ಮೇಷ್ಟ್ರು ಕಾದು ನಿಂತಿದ್ದರು. ನಮ್ಮನ್ನು ಬಸ್ಸಿನವರೆಗೆ ಬಿಟ್ಟು, ಸೈದಾಳ ಕೈಕುಲುಕಿ, ‘ನದಿಗಳಲ್ಲಿ ಎರಡನ್ನ ನೀನು ಮರೆತೆ, ಮುಂದಿನ ಸಲ ಕೇಳ್ತೀನಿ’ ಎಂದರು.

ಈಗ ಇರುವ ಊರಿನ ಹೆಸರನ್ನು ಬರೆಯುತ್ತಿಲ್ಲ. ಈ ಕಾಗದವನ್ನು ಬೇರೆಯವರ ಕೈಯಲ್ಲಿ ಕೀಟೊಗೆ ಕಳಿಸಿ ಅಲ್ಲಿಂದ ಅಂಚೆಗೆ ಹಾಕಿಸುತ್ತೇನೆ, ಮುದ್ರೆ ನೋಡಿ ಹುಡುಕಬೇಡಿ. ಇಲ್ಲಿ ಬೂದಿ ಬಿದ್ದಿಲ್ಲ. ನನಗೊಂದು ಕೆಲಸ ಸಿಗುವ ಹಾಗಿದೆ. ಸೈದಾ ಇಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಮನಸೋ ಇಚ್ಛೆ ಕೆಮ್ಮಿದಳು, ನಾನು ತಡೆಯಲಿಲ್ಲ. ಭಯ ಮಾತ್ರ ಇನ್ನೂ ನಮ್ಮ ಜೊತೆಗೇ ಇದೆ. ಬಾಗಿಲಿಗೆ ಒಳ್ಳೆಯ ಚಿಲಕವಿದ್ದರೂ ಮಂಚ ಎಳೆದು ಇಡುತ್ತೇನೆ.

ನಿನ್ನ ಮಕ್ಕಳನ್ನು ದೇವರು ಕಾಪಾಡಲಿ, ಅವರು ಯಾರ ಹೆಜ್ಜೆಸದ್ದಿಗೂ ಬೆಚ್ಚದೆ ಬೆಳೆಯಲಿ. ಸಣ್ಣವನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಚರ್ಚಿಗೆ ಹೋದಾಗ ಅಮ್ಮನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚು.

ನಿನ್ನ ತಂಗಿ,
ಲೂಸ್ಮಿಲಾ

ಮತ್ತೊಂದು ಮಾತು. ಇದನ್ನು ಬರೆಯಬಾರದೆಂದು ಇಷ್ಟುದ್ದ ಬರೆದೆ, ಆದರೂ ಬಿಡಲಾಗುತ್ತಿಲ್ಲ. ಮಂಗಳವಾರ ವಿಲ್ಫ್ರಿದೊ ಮೇಲೆ ಹೋಗುವ ಅವಸರದಲ್ಲಿ ಕೌಂಟರಿನ ಮೇಲೆ ಒಂದು ಚೀಟಿ ಬಿಟ್ಟಿದ್ದ. ಒರ್ತೆನ್ಸಿಯಾ ಅಮ್ಮ ಅದನ್ನು ಎತ್ತಿಟ್ಟುಕೊಂಡು ನನಗೆ ಕೊಟ್ಟರು, ಯಾರ ಬರಹ ಎಂದು ಕೇಳಲಿಲ್ಲ. ಲಾಡ್ಜಿನ ಹೆಸರು, ಬೀದಿ, ಹನ್ನೊಂದನೇ ನಂಬರು. ಆ ನಾಲ್ಕು ಸಾಲಿನಲ್ಲಿ ಈ ವಿಳಾಸವನ್ನು ನಾನು ನಿನಗೊಬ್ಬಳಿಗೇ ಬರೆದದ್ದು. ಅವನು ನಿನ್ನ ಮೇಲೆ ಕೈ ಮಾಡಿ, ಮಕ್ಕಳ ಮುಂದೆ ನಿಲ್ಲಿಸಿ ಹೆದರಿಸಿ ಅದನ್ನು ಬರೆಸಿಕೊಂಡ ಎಂದು ನಾನು ನಂಬಿಕೊಂಡಿದ್ದೇನೆ. ದಿನವೂ ಚೀಟಿ ತೆಗೆದು ನೋಡುತ್ತೇನೆ. ನಿನ್ನ ಅಕ್ಷರ ಎಲ್ಲಿಯಾದರೂ ಒಂದು ಕಡೆ ನಡುಗಿದೆಯೇ ಎಂದು ಹುಡುಕುತ್ತೇನೆ, ಅಕ್ಕ. ಇನ್ನೂ ಸಿಕ್ಕಿಲ್ಲ.