ಉಡುಗೊರೆ ಎಂದು ಬರೆಯಲಿಲ್ಲ

ನವೆಂಬರ್ ೯, ಶನಿವಾರ

ಬೆಳಿಗ್ಗೆ ನಮ್ಮ ರಾಯಭಾರಿಗಳು ಹೇಳಿದ್ದು ಇನ್ನೂ ಚುಚ್ಚುತ್ತಿದೆ. ನಮ್ಮ ರಾಯಭಾರ ಕಚೇರಿ ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಡೆಸುವ ಪ್ರದರ್ಶನಕ್ಕೆಂದು ನಮ್ಮ ದೇಶದಿಂದ ತರಿಸಿದ ಕಂಚಿನ ಗಂಟೆಯ ಕೆಳಗೆ, ‘ಈ ನಾಡಿನ ಅರಸರು ನಮಗಿತ್ತ ಉಡುಗೊರೆ’ ಎಂದು ಬರೆಯಬೇಕಂತೆ. ‘ಯುದ್ಧದಲ್ಲಿ ನಾವು ಇಲ್ಲಿಂದ ದೋಚಿದ್ದು’ ಎಂದೇ ಬರೆದೆ. ಆ ಗಂಟೆಯ ಮೇಲೆ ಡಾಕ್ಟರೇಟ್ ಮಾಡಿದವಳು ಸುಳ್ಳು ಬರೆಯಲೇ?

“ಎರಡು ದೇಶದ ಸಂಬಂಧ ಕೆಟ್ರೆ ನೀವೇ ಹೊಣೆ,” ಎಂದರು.

“ಆಗ್ಲಿ ಸಾರ್.”

ಸಂಜೆ ವಸ್ತುಸಂಗ್ರಹಾಲಯದ ಮುಖ್ಯಸ್ಥರು ಅದನ್ನು ಎರಡೆರಡು ಸಲ ಓದಿದರು. ಕೊನೆಗೆ ನನ್ನತ್ತ ತಿರುಗಿ, “ನಿಮ್ಮವರ ಬಾಯಲ್ಲಿ ಈ ಮಾತು ಕೇಳ್ತೀನಿ ಅಂದ್ಕೊಂಡಿರ್ಲಿಲ್ಲಮ್ಮ. ನಮ್ಮ ಹಳೇ ದಾಖಲೆಗಳನ್ನೂ ನೋಡಿ, ಈ ಚರಿತ್ರೇನ ಜೊತೆಗೇ ಬರೆಯೋಣ,” ಎಂದರು. ಹೊರಗಿನವರಿಗೆ ಎಂದೂ ತೆರೆಯದ ಬಾಗಿಲು ಅದು!

ಮರಳಿ ಬಂದು ಕಾರಿನಿಂದ ಇಳಿಯುವಾಗ ರಾಯಭಾರಿಗಳು, “ಮುಂದಿನ ಸಲ ಇಷ್ಟು ಹೆದರಿಸ್ಬೇಡಿ,” ಎಂದರು. ಮುಂದಿನ ಸಲ ಎಂದರಲ್ಲ, ನನಗಷ್ಟೇ ಸಾಕು.

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡು ಬೀಗಿದೆ.

“ಕೆಲ್ಸ ಉಳೀತಲ್ಲ, ಸದ್ಯ. ಅಲ್ಲಾ ಕಣೆ, ದೋಚಿದ್ದು ಅಂತ ನೀನೇ ಬರ್ದ್ಮೇಲೆ ಗಂಟೆ ವಾಪಸ್ ಕೊಡೋದು ಯಾವಾಗ?”

ನಕ್ಕೆ. ಆಮೇಲೆ ನಗು ಬರಲಿಲ್ಲ. ಸೋಮವಾರ ರಾಯಭಾರಿಗಳ ಮುಂದೆ ಈ ಮಾತನ್ನೂ ಎತ್ತುತ್ತೇನೆ. ಅವರು ಮತ್ತೆ ಹೆದರಿದರೆ ಹೆದರಲಿ.